ಎದ್ದವನೋ, ಇಳಿದವನೋ

ಟೈಲರ್ ಮಾಡಿದ್ದು ಟೈಲರ್ ಮಾತ್ರ ಮಾಡಬಹುದಾದ ತಪ್ಪು. ಹೊಸ ಹೊಲಿಗೆ ಹಾಕುವ ಮುಂಚೆ ಹಳೆಯದನ್ನು ಬಿಚ್ಚಬೇಕು ಎಂದು ಕತ್ತರಿ ಹಿಡಿದ ದಿನದಿಂದ ನಂಬಿಕೊಂಡು ಬಂದ ಕೈ ಅವನದು. ಕಣಿವೆಯಲ್ಲಿರುವ ತನ್ನ ಹಳೆ ಮನೆಗೆ ಬದಲಿ ಮನೆ ಕಟ್ಟಲು ಅರ್ಜಿ ಕೊಟ್ಟು ಬಂದವನೇ ಹಾರೆ ಹಿಡಿದ. ಮಾಡು ಇಳಿಸಿದ, ಗೋಡೆ ಕೆಡವಿದ, ಕಲ್ಲನ್ನೊಂದು ಕಡೆ ಮರವನ್ನೊಂದು ಕಡೆ ಒಟ್ಟಿದ, ನೆಲವನ್ನು ಕನ್ನಡಿಯ ಹಾಗೆ ಗುಡಿಸಿದ. ಸಮಿತಿಯವರು ನೋಡಲು ಬಂದಾಗ ಜಾಗ ಅಚ್ಚುಕಟ್ಟಾಗಿ ಕಾಣಲಿ ಎಂಬುದು ಅವನ ಲೆಕ್ಕಾಚಾರ.

ಆ ಕಣಿವೆ ಹಸಿರು ವಲಯ. ಊರಿನವರು ಕುಡಿಯುವ ನೀರಿನ ತೊರೆ ಹುಟ್ಟುವುದೇ ಅಲ್ಲಿ. ಹೊಸದಾಗಿ ಯಾರೂ ಅಲ್ಲಿ ಮನೆ ಕಟ್ಟುವಂತಿಲ್ಲ. ಇರುವ ಮನೆ ತೀರಾ ಹಳತಾದರೆ ಅದರ ಬದಲಿಗೆ ಇನ್ನೊಂದು ಕಟ್ಟಿಕೊಳ್ಳಬಹುದು. ಆದರೆ ಹಳೆಯದು ನಿಂತಿರಬೇಕು, ಅದರಲ್ಲಿ ಜನ ಬಾಳುತ್ತಿರಬೇಕು. ಮನೆ ಇಲ್ಲವೆಂದರೆ ಅದು ಬಯಲು. ಬಯಲಿಗೆ ಬದಲಿ ಬಯಲೇ.

ಇದನ್ನು ತೀರ್ಮಾನಿಸಬೇಕಾದ ಸಮಿತಿಯಲ್ಲಿ ಐದು ಜನ. ಅಧ್ಯಕ್ಷೆಗೆ ಊರಿಟ್ಟ ಹೆಸರು ಕಂಡಕ್ಟರಮ್ಮ. ಕಣಿವೆಯ ಅಂಚಿನಲ್ಲಿ ಹೋಗುವ ಬಸ್ಸಿನಲ್ಲಿ ಕೂದಲು ಕಪ್ಪಿದ್ದಾಗ ಹತ್ತಿ, ನೆರೆತ ಮೇಲೆ ಇಳಿದವಳು. ಚಿಲ್ಲರೆಗೆ ಜಗಳವಾಡುವವರನ್ನೂ, ನಿದ್ದೆ ಬಂದವರ ಹಾಗೆ ನಟಿಸುವವರನ್ನೂ ಅಷ್ಟು ವರ್ಷ ನೋಡಿದ ಮೇಲೆ, ಮನುಷ್ಯರ ಬಗ್ಗೆ ಅವಳಿಗೆ ಸಿಟ್ಟೂ ಉಳಿದಿರಲಿಲ್ಲ, ಭ್ರಮೆಯೂ ಉಳಿದಿರಲಿಲ್ಲ.

ಮೊದಲ ಸಭೆಯಲ್ಲಿ ಇಂಜಿನಿಯರ್ ತಾನು ಜಾಗದಲ್ಲಿ ತೆಗೆದ ಫೋಟೊವನ್ನು ಮೇಜಿನ ಮೇಲಿಟ್ಟ. ಗುಡಿಸಿದ ನೆಲ, ಎರಡು ರಾಶಿ, ಹಿಂದೆ ಹುಲ್ಲಿನ ಗುಡ್ಡ.

"ಇದರಲ್ಲಿ ಮನೆ ಎಲ್ಲಿದೆ ಸ್ವಾಮಿ?" ಎಂದರು ಔಷಧಿ ಅಂಗಡಿಯವರು, ಕನ್ನಡಕವನ್ನು ಹಣೆಗೇರಿಸಿ. ಸಮಿತಿಯಲ್ಲಿ ಕಾನೂನಿನ ಕಡೆಗೆ ಸದಾ ನಿಲ್ಲುವವರು ಅವರು. "ನನ್ನ ಕಣ್ಣೇ ಸರಿಯಿಲ್ವೋ ಏನೋ."

"ಇತ್ತಲ್ರೀ," ಎಂದ ಡೇರಿಯವನು. ಅವನು ಸದಾ ಮನುಷ್ಯರ ಕಡೆ. "ಮಾತ್ರೆ ತಗೊಳ್ಳೋಕೆ ನಿಮ್ಮ ಅಂಗಡಿಗೆ ಬರ್ತಿದ್ರಲ್ಲ, ಎಲ್ಲಿಂದ ಬರ್ತಿದ್ರು? ಮರದ ಮೇಲಿಂದಾನಾ?"

"ಇತ್ತು ಅನ್ನೋದು ಬೇರೆ, ಇದೆ ಅನ್ನೋದು ಬೇರೆ. ತಲೆ ತುಂಬ ಕೂದಲು ನನಗೂ ಇತ್ತು."

ಎಲ್ಲರೂ ನಕ್ಕರು. ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದ ಟೈಲರ್ ಮಾತ್ರ ನಗಲಿಲ್ಲ. ಅವನ ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಅವಸರದಲ್ಲಿ ಬಂದವನು ತೆಗೆಯುವುದನ್ನೇ ಮರೆತಿದ್ದ.

"ಬಿಚ್ಚದೆ ಹೊಲಿಯೋದು ಹೇಗೆ ಸ್ವಾಮಿ?" ಎಂದ ಅವನು ಎದ್ದು ನಿಂತು. "ಆ ಗೋಡೆಗೆ ನಾವು ಒರಗಿದ್ವೋ, ನಮಗೆ ಆ ಗೋಡೆ ಒರಗಿತ್ತೋ, ದೇವರಿಗೇ ಗೊತ್ತು. ತೊಲೆ ಪೂರ್ತಿ ಗೆದ್ದಲು. ಹೇಗಿದ್ರೂ ಕೆಡವೋದೇ ತಾನೇ, ನಾನೇ ಕೆಡವಿಟ್ಟರೆ ನಿಮಗೂ ಅನುಕೂಲ ಅಂದ್ಕೊಂಡೆ."

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಕೇಳಿ ಕೆಡವಬೇಕಿತ್ತು ಕಣಪ್ಪ," ಎಂದರು ಔಷಧಿ ಅಂಗಡಿಯವರು.

"ಈಗ ಎಲ್ಲಿದ್ದೀರಿ?" ಎಂದು ಕೇಳಿದಳು ಕಂಡಕ್ಟರಮ್ಮ.

"ಅಂಗಡೀಲೇ ಅಮ್ಮ. ಮಕ್ಕಳಿಬ್ಬರೂ ಬಟ್ಟೆ ಕತ್ತರಿಸೋ ಮೇಜಿನ ಕೆಳಗೆ ಮಲಗ್ತಾರೆ. ಮಾಲೀಕರು, ನಾನು ಬಾಡಿಗೆಗೆ ಕೊಟ್ಟಿದ್ದು ಅಂಗಡಿ, ಛತ್ರ ಅಲ್ಲ ಅಂತಿದ್ದಾರೆ. ನೀವು ಆಗಲ್ಲ ಅಂದ್ರೆ..." ಮುಂದಿನ ಮಾತನ್ನು ಅವನು ಟೇಪಿನ ತುದಿಯ ಜೊತೆ ಬೆರಳಿಗೆ ಸುತ್ತಿಕೊಂಡ.

ಔಷಧಿ ಅಂಗಡಿಯವರು ಕೆಟ್ಟವರಲ್ಲ. ಅವರ ಧ್ವನಿ ತಗ್ಗಿತು. "ನನಗೇನು ಈ ಮನುಷ್ಯನ ಮೇಲೆ ಹಗೆಯೇ? ಕಣಿವೆ ತುಂಬ ಬಿದ್ದ ಗೋಡೆಗಳಿವೆ. ಇವತ್ತು ಇವನಿಗೆ ಕೊಟ್ವಿ ಅನ್ನಿ. ನಾಳೆ ಒಂದೊಂದು ಕಲ್ಲುರಾಶಿ ಹಿಂದೆ ಒಬ್ಬೊಬ್ಬ ನಿಂತ್ಕೊಂಡು, ನಮ್ಮಜ್ಜಿ ಇಲ್ಲೇ ಇದ್ಲು ಅಂತಾನೆ. ಆಗ ಏನು ಹೇಳೋದು?"

ಅದೂ ಸುಳ್ಳಲ್ಲ ಎಂದು ಕಂಡಕ್ಟರಮ್ಮನಿಗೆ ಗೊತ್ತಿತ್ತು. ಸಂಜೆಯ ಕೊನೆಯ ಬಸ್ಸಿನ ಕಿಟಕಿಯಿಂದ ಅವಳು ಆ ಕಣಿವೆಯನ್ನು ನೋಡಿದಷ್ಟು ಬೇರೆ ಯಾರೂ ನೋಡಿರಲಿಲ್ಲ. ರಸ್ತೆಯ ಈಚೆಗೆಲ್ಲ ದೀಪವೋ ದೀಪ. ಆಚೆಗೆ ಅಲ್ಲೊಂದು ಇಲ್ಲೊಂದು ಮಿಣುಕು, ಉಳಿದದ್ದೆಲ್ಲ ಕತ್ತಲು. ಗದ್ದಲ ಮಾಡುವ ಪ್ರಯಾಣಿಕರೂ ಆ ತಿರುವಿನಲ್ಲಿ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಆ ಕತ್ತಲನ್ನು ಕಾಯುವುದೂ ತನ್ನ ಕೆಲಸವೇ ಎಂದುಕೊಂಡು ಅವಳು ಸಮಿತಿಗೆ ಬಂದದ್ದು.

ಇಬ್ಬರು ಕೊಡೋಣ ಎಂದರು, ಇಬ್ಬರು ಬೇಡ ಎಂದರು. ಎಲ್ಲರೂ ಅವಳ ಮುಖ ನೋಡಿದರು.

"ನಾನು ಹೋಗಿ ನೋಡ್ಕೊಂಡು ಬರ್ತೀನಿ," ಎಂದಳು. "ಮುಂದಿನ ಸಭೇಲಿ ಹೇಳ್ತೀನಿ."

ಹಾಗೆಂದಳೇ ಹೊರತು ಅವಳ ಎದೆಯಲ್ಲಿ ಇನ್ನೊಂದು ಮುಳ್ಳಿತ್ತು. ಅವಳ ಒಡಹುಟ್ಟಿದ ತಮ್ಮ ಹಿಂದೊಮ್ಮೆ ಇದೇ ಸಮಿತಿಗೆ ಇಂಥದೇ ಅರ್ಜಿ ಹಾಕಿದ್ದ. ಕಣಿವೆಯಲ್ಲಿ ಅವನದೊಂದು ದನದ ಕೊಟ್ಟಿಗೆ ಇತ್ತು. ನೋಡಲು ಬರುತ್ತಾರೆಂದು ಗೊತ್ತಾದಾಗ ಅದರಲ್ಲಿ ಒಂದು ಮಂಚ ಹಾಕಿಸಿ, ಮೂಲೆಯಲ್ಲೊಂದು ಒಲೆ ಹೂಡಿ, ಇದು ಮನೆ, ಇದಕ್ಕೆ ಬದಲಿ ಮನೆ ಕೊಡಿ ಎಂದ. ಕಂಡಕ್ಟರಮ್ಮ ಒಲೆಯ ಮೇಲಿನ ಗೋಡೆಯನ್ನು ಬೆರಳಿನಿಂದ ಒರೆಸಿ ನೋಡಿದ್ದಳು. ಬೆರಳು ಹೇಗಿತ್ತೋ ಹಾಗೇ ಇತ್ತು. ನಾಲ್ಕು ಜನರ ಮುಂದೆ ಆ ಬೆರಳನ್ನು ಎತ್ತಿ ತೋರಿಸಿದ್ದಳು.

ಆವತ್ತಿನಿಂದ ತಮ್ಮ ಅವಳ ಜೊತೆ ಮಾತು ಬಿಟ್ಟಿದ್ದ. ಎದುರಿಗೆ ಸಿಕ್ಕರೂ ಹೆಂಡತಿಯ ಕಡೆ ತಿರುಗಿ, "ಚೆನ್ನಾಗಿದ್ದಾರಾ ಅಂತ ಕೇಳು," ಎನ್ನುತ್ತಿದ್ದ. ಹೆಂಡತಿ ಪಕ್ಕದಲ್ಲಿಲ್ಲದಿದ್ದರೆ ಬೆಕ್ಕಿನ ಹತ್ತಿರ ಹೇಳುತ್ತಿದ್ದ. ಈಗ ಟೈಲರ್‌ಗೆ ಹೂಂ ಎಂದರೆ ತಮ್ಮ ಸುಮ್ಮನಿರುತ್ತಾನೆಯೇ? ಟೈಲರ್‌ಗೆ ಉಹೂಂ ಎಂದರೂ, ಅದು ಕಣಿವೆಗಾಗಿ ಹೇಳಿದ್ದೋ, ತಮ್ಮನ ಬಾಯಿಗೆ ಹೆದರಿ ಹೇಳಿದ್ದೋ ಎಂದು ತನಗೇ ತಿಳಿಯಲಿಕ್ಕಿಲ್ಲ. ಅತ್ತ ದರಿ, ಇತ್ತ ಪುಲಿ.

ಅವಳು ಯಾರಿಗೂ ಹೇಳದೆ ಒಂದು ಬೆಳಿಗ್ಗೆ ಹೊರಟಳು. ಚೆಕಿಂಗಿನವರು ಹೇಳಿ ಬಂದರೆ ಎಲ್ಲರ ಕೈಯಲ್ಲೂ ಟಿಕೆಟ್ ಇರುತ್ತದೆ ಎಂಬುದು ಬಸ್ಸು ಕಲಿಸಿದ ಪಾಠ. ತಿರುವಿನಲ್ಲಿ ಇಳಿದು, ಹುಲ್ಲಿನ ನಡುವಿನ ಕಾಲುದಾರಿ ಹಿಡಿದಳು. ಇಬ್ಬನಿಗೆ ಸೀರೆಯ ಅಂಚು ಒದ್ದೆಯಾಯಿತು. ಗುಡಿಸಿದ ನೆಲ ಕಾಣುವ ಮೊದಲೇ ಅವಳಿಗೆ ಹೊಗೆ ಕಂಡಿತು.

ಫೋಟೊದಲ್ಲಿ ಬೀಳದಿದ್ದ ಒಂದು ಮೂಲೆ ಅದು. ಹಳೆ ಮನೆಯ ಹಿಂಬದಿಗೆ ಅಂಟಿಕೊಂಡಿದ್ದ ಅಡುಗೆಮನೆ, ಮಾಡು ಸಮೇತ, ಒಂಟಿ ಹಲ್ಲಿನ ಹಾಗೆ ನಿಂತಿತ್ತು. ಇಂಜಿನಿಯರ್ ಅದನ್ನು ಸೌದೆ ಇಡುವ ಗೂಡು ಎಂದುಕೊಂಡು ಬಿಟ್ಟಿದ್ದ. ಒಳಗೆ ಟೈಲರ್ ಹೆಂಡತಿ ಒಲೆಯ ಮುಂದೆ ಕೂತಿದ್ದಳು.

"ಅಯ್ಯೋ ಬನ್ನಿ ಅಮ್ಮ," ಎಂದು ಗಾಬರಿಯಿಂದ ಎದ್ದಳು. "ಒಂದು ಮಾತು ಹೇಳಿದ್ರೆ..."

"ಹೇಳಿದ್ರೆ ಗುಡಿಸಿಬಿಡ್ತಿದ್ರಿ. ನಿಮ್ಮ ಯಜಮಾನರು ಗುಡಿಸಿದ್ದೇ ಸಾಕಾಗಿದೆ. ಇದೊಂದು ಹೇಗೆ ಉಳೀತು?"

"ಉಳಿಸಿದೆ ಅಮ್ಮ. ಇದನ್ನ ಮುಟ್ಟಿದ್ರೆ ನಿಮ್ಮ ಕತ್ತರೀನ ತೊರೆಗೆ ಎಸೀತೀನಿ ಅಂದೆ. ಬಟ್ಟೆ ಅಂಗಡೀಲಿ ಬೆಂಕಿ ಹಚ್ಚೋ ಹಾಗಿಲ್ಲ, ಹೊಟ್ಟೆ ಕೇಳುತ್ತಾ? ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಅಡುಗೆ ಮಾಡಿ, ಡಬ್ಬಿ ಕಟ್ಕೊಂಡು ಹೋಗ್ತೀನಿ."

ಕಂಡಕ್ಟರಮ್ಮನ ಕೈ ತಾನಾಗಿಯೇ ಒಲೆಯ ಮೇಲಿನ ಗೋಡೆಗೆ ಹೋಯಿತು. ಬೆರಳು ಕಪ್ಪಾಗಿ ಬಂತು.

"ಏನು ಹುಡುಕ್ತಿದ್ದೀರಮ್ಮ?"

"ಮಸಿ ಕಣಮ್ಮ."

"ಅದಕ್ಕೇನು ಬರ? ನನ್ನ ಮುಖ ನೋಡಿ, ಅಲ್ಲೂ ಸಿಗುತ್ತೆ."

ಇಬ್ಬರೂ ನಕ್ಕರು. ಆದರೆ ಕಂಡಕ್ಟರಮ್ಮನಿಗೆ ಸಮಾಧಾನವಾಗಲಿಲ್ಲ. ಮಸಿ ಅಡುಗೆಮನೆಗೆ ಸಾಕ್ಷಿ. ಅಡುಗೆಮನೆಗೆ ಬದಲಿ ಅಡುಗೆಮನೆ ಕೊಟ್ಟು ಕೈ ತೊಳೆದುಕೊಳ್ಳೋಣ ಎಂದು ಔಷಧಿ ಅಂಗಡಿಯವರು ಅಂದರೆ ಏನು ಉತ್ತರ?

ಒಳಗೆ ಹೊಗೆ ಹೆಚ್ಚಾಗಿತ್ತು. ಅವಳು ಹೊರಗೆ ಬಂದು ಗುಡಿಸಿದ ನೆಲದ ನಡುವೆ ಒಂದು ಕಲ್ಲಿನ ಮೇಲೆ ಕೂತಳು. ಸುತ್ತ ಗೋಡೆಯಿಲ್ಲ, ಮೇಲೆ ಬರೀ ಆಕಾಶ. ಕೆಡವಿದ ಗೋಡೆಗಳ ಜಾಗದಲ್ಲಿ ನೆಲದ ಮೇಲೆ ಮಣ್ಣಿನ ಗೆರೆ ಮಾತ್ರ ಉಳಿದಿತ್ತು, ಸೀಮೆಸುಣ್ಣದಲ್ಲಿ ಗುರುತು ಹಾಕಿದ ಬಟ್ಟೆಯ ಹಾಗೆ.

ಅಷ್ಟರಲ್ಲಿ ತೊರೆಯ ಕಡೆಯಿಂದ ಟೈಲರ್ ಎರಡು ಕೊಡ ನೀರು ಹೊತ್ತು ಬಂದ. ಅವಳನ್ನು ಕಂಡು ತಬ್ಬಿಬ್ಬಾಗಿ ಅವಸರವಾಗಿ ಹೆಜ್ಜೆ ಹಾಕಿದ. ಅಡುಗೆಮನೆಗೆ ಅವನು ನೆಟ್ಟಗೆ ನೆಲ ದಾಟಿ ಹೋಗಬಹುದಿತ್ತು. ಹಾಗೆ ಹೋಗಲಿಲ್ಲ. ಭಾರದ ಕೊಡಗಳನ್ನು ಹೊತ್ತೇ ಆ ಗೆರೆಯ ಹೊರಗಿನಿಂದ ಮೂಲೆಯವರೆಗೆ ನಡೆದು, ತಿರುಗಿ, ಸುತ್ತು ಹಾಕಿ ಹೋದ.

"ಯಾಕ್ರೀ ಟೈಲರ್, ಅಷ್ಟು ಸುತ್ತಿ ಹೋದ್ರಿ? ಇಲ್ಲೇ ಬರಬಹುದಿತ್ತಲ್ಲ."

"ಅಲ್ಲಿ ಗೋಡೆ..." ಎಂದವನು ತಿರುಗಿ ನೋಡಿ ಬಾಯಿ ಮುಚ್ಚಿದ.

ಅವನ ಹೆಂಡತಿ ಎರಡು ಲೋಟ ಟೀ ಹಿಡಿದು ಅಡುಗೆಮನೆಯಿಂದ ಹೊರಬಂದಳು. ಬಯಲಲ್ಲಿ ಬಿಸಿಲು ಚೆಲ್ಲಿತ್ತು. ನಾಲ್ಕು ಹೆಜ್ಜೆ ನೆಟ್ಟಗೆ ಬಂದವಳು ಒಂದು ಕಡೆ ಥಟ್ಟನೆ ತಲೆ ಬಗ್ಗಿಸಿದಳು, ಕಾಲನ್ನು ತುಸು ಎತ್ತಿ ಇಟ್ಟಳು, ಮತ್ತೆ ನೆಟ್ಟಗಾಗಿ ಬಂದು ಲೋಟ ಕೊಟ್ಟಳು. ಅಲ್ಲಿ ಒಂದು ಕಾಲದಲ್ಲಿ ತಗ್ಗು ಬಾಗಿಲಿತ್ತು, ಹೊಸ್ತಿಲಿತ್ತು. ಈಗ ತಲೆಯ ಮೇಲೆ ಒಂದು ಗುಬ್ಬಚ್ಚಿಯೂ ಇರಲಿಲ್ಲ. ತಾನು ಬಗ್ಗಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಕಂಡಕ್ಟರಮ್ಮನಿಗೆ ತನ್ನ ಬಸ್ಸು ನೆನಪಾಯಿತು.

ಬಸ್ಸಿನಲ್ಲಿ ಸೀಟಿನ ಜಗಳಕ್ಕೆ ಅವಳದೊಂದು ನ್ಯಾಯವಿತ್ತು. ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವವರಿಗೆ ಅವಳು ಸೊಪ್ಪು ಹಾಕುತ್ತಿರಲಿಲ್ಲ. ಕರ್ಚೀಫಿಗೆ ಟಿಕೆಟ್ ಇಲ್ಲ ಎನ್ನುತ್ತಿದ್ದಳು. ಆದರೆ ಮಗುವನ್ನು ಇಳಿಸಿಕೊಡಲೋ, ಮೇಲಿನ ಚೀಲ ತೆಗೆಯಲೋ ಒಬ್ಬ ಎದ್ದಾಗ ಇನ್ನೊಬ್ಬ ಧುಪ್ಪನೆ ಕೂತುಬಿಟ್ಟರೆ, ಕೂತವನನ್ನು ಎಬ್ಬಿಸುತ್ತಿದ್ದಳು. ಖಾಲಿ ಸೀಟು ಎಂದು ನೋಡಬಾರದು. ಅದರಲ್ಲಿದ್ದವನು ಇಳಿದನೋ, ಬರೀ ಎದ್ದನೋ ಎಂದು ನೋಡಬೇಕು. ಈ ಇಬ್ಬರು ಇಳಿದವರಲ್ಲ.

"ಹೊಸ ಮನೆ ಎಲ್ಲಿ ಕಟ್ಟಬೇಕು ಅಂತಿದ್ದೀರಿ?" ಎಂದು ಕೊನೆಗೆ ಕೇಳಿದಳು.

ಟೈಲರ್‌ನ ಮುಖ ಅರಳಿತು. ಅವಳನ್ನು ಗುಡ್ಡದ ಮೇಲಕ್ಕೆ ಕರೆದುಕೊಂಡು ಹೋದ. "ಇಲ್ಲಿ ಅಮ್ಮ. ಎರಡು ಅಂತಸ್ತು. ಮೇಲೆ ನನ್ನ ಹೊಲಿಗೆ ಕೋಣೆ. ಈ ಕಡೆ ಗೋಡೆ ಪೂರ್ತಿ ಗಾಜು. ಸೂಜಿಗೆ ದಾರ ಪೋಣಿಸೋಕೆ ಬೆಳಕು ಬೇಕಲ್ಲ."

ಅವಳು ಅಲ್ಲಿ ನಿಂತು ನೋಡಿದಳು. ಇಡೀ ಕಣಿವೆ ಕಾಣುತ್ತಿತ್ತು. ದೂರದಲ್ಲಿ ಬಸ್ಸು ತಿರುಗುವ ಜಾಗವೂ ಕಾಣುತ್ತಿತ್ತು. ಅಂದರೆ ಅಲ್ಲಿಂದ ಇದೂ ಕಾಣುತ್ತದೆ, ರಾತ್ರಿ ಈ ಗಾಜಿನೊಳಗೆ ದೀಪ ಹೊತ್ತಿದಾಗ.

"ಒಂದು ಸೂಜಿಗೆ ಇಷ್ಟು ದೊಡ್ಡ ಬೆಳಕಾ?" ಎಂದಳು. "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲಪ್ಪ."

ಟೈಲರ್ ಹೆಂಡತಿ ಕೆಳಗಿನಿಂದಲೇ ಕೂಗಿದಳು: "ನಾನೂ ಅದನ್ನೇ ಹೇಳಿದ್ದು ಅಮ್ಮ! ಮೇಲಿನ ತನಕ ನೀರು ಹೊರೋರು ಯಾರು, ಇವರ ಹೊಲಿಗೆ ಮಿಷನ್ನಾ?"

ಮುಂದಿನ ಸಭೆಗೆ ಜನ ಹೆಚ್ಚು ಸೇರಿದ್ದರು. ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ ತಮ್ಮನನ್ನು ಕಂಡಕ್ಟರಮ್ಮ ಬಂದ ಕೂಡಲೇ ಗಮನಿಸಿದಳು. ಅವನ ಕಣ್ಣು ಛಾವಣಿಯ ಫ್ಯಾನಿನ ಮೇಲಿತ್ತು.

ಅವಳು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ನಿಂತಿರುವ ಅಡುಗೆಮನೆ, ಉರಿಯುವ ಒಲೆ, ಮೊದಲ ಬಸ್ಸಿನ ಡಬ್ಬಿ. ಇಲ್ಲದ ಗೋಡೆಗೆ ಸುತ್ತು ಹಾಕಿದ ಗಂಡ, ಇಲ್ಲದ ಬಾಗಿಲಿಗೆ ಬಗ್ಗಿದ ಹೆಂಡತಿ. ಟೈಲರ್ ಹೆಂಡತಿ ಬೆಂಚಿನಲ್ಲಿ ಕೂತವಳು, "ನಾನಾ? ಯಾವಾಗ?" ಎಂದು ಗಂಡನ ತೋಳು ಜಗ್ಗಿದಳು.

ಔಷಧಿ ಅಂಗಡಿಯವರು ನಕ್ಕರು. "ತಲೆ ಬಗ್ಗಿಸಿದ್ದಕ್ಕೆಲ್ಲ ಮನೆ ಕೊಟ್ರೆ, ಅಧ್ಯಕ್ಷರೇ, ಊರಿನ ಗಂಡಸರಿಗೆಲ್ಲ ಒಂದೊಂದು ಕೊಡಬೇಕಾಗುತ್ತೆ."

"ಬಗ್ಗಿದ್ದಕ್ಕೆ ಕೊಡಲ್ಲ. ಅಡುಗೆಮನೆ ನಿಂತಿದೆ, ಒಲೆ ಆರಿಲ್ಲ. ಕಾನೂನಿಗೆ ಅದು ಬೇಕಿತ್ತು, ಅದಿದೆ. ಬಗ್ಗಿದ್ದು ನನಗೆ ಬೇಕಿತ್ತು. ಅವರು ಎದ್ದವರು, ಇಳಿದವರಲ್ಲ ಅಂತ ಅದರಿಂದ ಗೊತ್ತಾಯ್ತು. ನೀವು ಹೇಳಿದ ಕಲ್ಲುರಾಶಿಗಳಿವೆಯಲ್ಲ, ಅವುಗಳ ಹತ್ತಿರ ಯಾರು ಬಗ್ಗಿ ನಡೀತಾರೆ? ಅವರೆಲ್ಲ ಇಳಿದು ಹೋಗಿ ಎಷ್ಟೋ ಕಾಲ ಆಯ್ತು. ಅಂಥವರು ಯಾರೇ ಬರಲಿ, ನಾನೇ ಬೇಡ ಅಂತೀನಿ."

"ಹಾಗಾದ್ರೆ ಗುಡ್ಡದ ಮೇಲಿನ ಗಾಜಿನ ಅರಮನೆ?"

"ಅದಿಲ್ಲ." ಅವಳು ಟೈಲರ್ ಕಡೆ ತಿರುಗಿದಳು. "ಬಟ್ಟೆ ಎಷ್ಟಿದೆಯೋ ಅಷ್ಟೇ ಅಂಗಿ, ಅದು ನಿಮಗೆ ನಾನು ಹೇಳಬೇಕಾ? ನೆಲದ ಮೇಲೆ ಗೆರೆ ಇದೆಯಲ್ಲ, ಗೋಡೆ ಅದರ ಮೇಲೇ ಏಳಬೇಕು. ಒಂದೇ ಅಂತಸ್ತು. ಬಾಗಿಲು ಮಾತ್ರ ಎತ್ತರ ಮಾಡ್ಕೊಳ್ಳಿ, ಆ ಹೆಣ್ಣುಮಗಳ ಕತ್ತಿಗೆ ಒಂದಿಷ್ಟು ಆರಾಮ ಸಿಗಲಿ. ಹೊಸ ಮಾಡು ಏರೋ ತನಕ ಅಡುಗೆಮನೆ ಮುಟ್ಟೋ ಹಾಗಿಲ್ಲ. ಒಂದು ದಿನಾನೂ ಅಲ್ಲಿ ಮನೆ ಇರಲಿಲ್ಲ ಅಂತ ಆಗಬಾರದು."

"ಅಮ್ಮ, ಬೆಳಕು..." ಎಂದ ಟೈಲರ್. ಅವನ ದನಿ ನಿಜಕ್ಕೂ ಸೋತಿತ್ತು. ಆ ಗಾಜಿನ ಗೋಡೆಯನ್ನು ಅವನು ಎಷ್ಟು ದಿನ ಮನಸ್ಸಿನಲ್ಲೇ ಕತ್ತರಿಸಿ ಹೊಲಿದಿದ್ದನೋ.

"ಪೂರ್ವಕ್ಕೆ ಒಂದು ಕಿಟಕಿ ಇಟ್ಕೊಳ್ಳಿ. ಬೆಳಿಗ್ಗೆ ಹೊಲೀರಿ, ರಾತ್ರಿ ಮಲಗಿ. ಕಣ್ಣೂ ಉಳಿಯುತ್ತೆ, ಕಣಿವೇನೂ ಉಳಿಯುತ್ತೆ."

ಔಷಧಿ ಅಂಗಡಿಯವರು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ, "ಒಂದು ಸೇರಿಸಿ," ಎಂದರು. "ಇನ್ನು ಮುಂದೆ ಯಾರು ಅರ್ಜಿ ಹಾಕಿದ್ರೂ, ನಾವು ಹೇಳೋ ತನಕ ಒಂದು ಹೆಂಚನ್ನೂ ಅಲ್ಲಾಡಿಸಬೇಡಿ ಅಂತ ಅವರಿಗೆ ಬಾಯಿಬಿಟ್ಟು ಹೇಳಬೇಕು. ಈ ಮನುಷ್ಯನಿಗೆ ಅದನ್ನ ಯಾರೂ ಹೇಳಿಲ್ಲ. ಅದು ನಮ್ಮ ತಪ್ಪು." ಹಾಗೆ ಹೇಳಿ, ಒಪ್ಪಿಗೆ ಎಂದು ಅವರೂ ಕೈ ಎತ್ತಿದರು. ಟೈಲರ್ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೆನ್ನೆಯ ಮೇಲೆ ಒಂದು ಚೂರು ಮಸಿ ಹರಡಿತು.

ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು.

"ಅಕ್ಕಾ!"

ಸಭೆ ತಿರುಗಿ ನೋಡಿತು. ತಮ್ಮ ಎದ್ದು ನಿಂತಿದ್ದ, ಕಿವಿಯ ತುದಿಯವರೆಗೂ ಕೆಂಪಾಗಿ. "ಇದ್ಯಾವ ನ್ಯಾಯ ಅಕ್ಕ? ನನ್ನ ಕೊಟ್ಟಿಗೆಗೆ ನಾಲ್ಕು ಗೋಡೆ ಇತ್ತು, ಮಾಡು ಇತ್ತು. ಇವನದು ಬಟಾಬಯಲು! ಇವನಿಗೆ ಹೂಂ, ನನಗೆ ಉಹೂಂ. ನಿನಗೆ ಕಣ್ಣಿದೆಯಾ?"

ಅವಳಿಗೆ ಉತ್ತರ ಕೊಡಲು ಒಂದು ಗಳಿಗೆ ಬೇಕಾಯಿತು. ಅವನು ಬೈದದ್ದಕ್ಕಲ್ಲ, ಅಕ್ಕ ಎಂದದ್ದಕ್ಕೆ. ಅದೂ ನೇರವಾಗಿ, ನಡುವೆ ಬೆಕ್ಕಿಲ್ಲದೆ.

"ಆ ಒಲೇಲಿ ನೀನು ಯಾವತ್ತಾದ್ರೂ ಏನಾದ್ರೂ ಬೇಯಿಸಿದ್ಯೇನೋ?" ಎಂದು ಕೇಳಿದಳು.

"ಹಾಲು ಕಾಯಿಸಿದ್ದೆ," ಎಂದ ಅವನು. ಆಮೇಲೆ ಸುಳ್ಳು ಹೇಳಲು ಮನಸ್ಸು ಬಾರದೆ, "ಅದೂ ಉಕ್ಕಿ ಒಲೆ ಆರಿಹೋಯ್ತು," ಎಂದ.

ಸಭೆಯೆಲ್ಲ ಗೊಳ್ಳೆಂದಿತು. ಅವನ ತುಟಿಯೂ ಒಂದು ಪಕ್ಕ ಅಲುಗಿತು, ಆದರೆ ಅವನು ಅದನ್ನು ತಕ್ಷಣ ಹಿಡಿದು ನಿಲ್ಲಿಸಿದ.

"ನಿಂದು ಕರ್ಚೀಫು ಕಣೋ," ಎಂದಳು ಅವಳು ಮೆಲ್ಲಗೆ. "ಆದರೆ ಆವತ್ತು ಅಷ್ಟು ಜನರ ಮುಂದೆ ಬೆರಳು ಎತ್ತಿ ತೋರಿಸಬಾರದಿತ್ತು. ಮನೇಲಿ ಕರೆದು ಹೇಳಬಹುದಿತ್ತು."

ಅವನು ಬಾಗಿಲ ಕಡೆ ನಡೆದ.

ಸಭೆ ಮುಗಿಸಿ ಅವಳು ಬಸ್‌ ನಿಲ್ದಾಣಕ್ಕೆ ಬರುವಾಗ ಸಂಜೆಯಾಗಿತ್ತು. ಕಣಿವೆಯ ಅಂಚಿನ ಬಸ್ಸು ಆಗಲೇ ತುಂಬಿತ್ತು. ನೂಕುನುಗ್ಗಲಿನಲ್ಲಿ ಹತ್ತಿದಳು. ಒಳಗೆ ತಮ್ಮ ನಿಂತಿದ್ದ. ಪಕ್ಕದ ಸೀಟಿನ ಮೇಲೆ ಅವನ ಕರ್ಚೀಫು ಹರಡಿತ್ತು. ಅವನು ಕಿಟಕಿಯ ಕಡೆ ನೋಡುತ್ತಲೇ, "ಕೂತ್ಕೋ," ಎಂದ. "ನಿನಗೇ ಹಿಡಿದಿಟ್ಟಿರೋದು. ಮಂಡಿ ನೋವು ಅಂತಿದ್ಯಂತೆ."

ಅವಳ ಹಿಂದೆ ಒಬ್ಬ ಹೆಂಗಸು ಎರಡೂ ಕೈಯಲ್ಲಿ ಚೀಲ ಹಿಡಿದು ಕಂಬಕ್ಕೆ ಆತು ನಿಂತಿದ್ದಳು.

ಕಂಡಕ್ಟರಮ್ಮ ಕರ್ಚೀಫನ್ನು ಎತ್ತಿದಳು. ನೀಟಾಗಿ ಮಡಿಸಿ ತಮ್ಮನ ಅಂಗಿಯ ಜೇಬಿನೊಳಗಿಟ್ಟಳು. "ಕೂತ್ಕೊಳಮ್ಮ," ಎಂದು ಆ ಹೆಂಗಸಿಗೆ ದಾರಿ ಬಿಟ್ಟಳು.

"ನೋಡು, ನೋಡು!" ಎಂದ ತಮ್ಮ. "ನೀನು ಈ ಜನ್ಮದಲ್ಲಿ ಬದಲಾಗಲ್ಲ ಅಕ್ಕ. ಸ್ವಂತ ತಮ್ಮ ಹಿಡಿದ ಸೀಟು! ಅಪ್ಪ ಇದ್ದಾಗಲೂ ಹೀಗೇ ನೀನು..."

ಅವನು ಅಪ್ಪನಿಂದ ಶುರುಮಾಡಿ, ಚಿಕ್ಕಂದಿನಲ್ಲಿ ಅವಳು ಪಾಲು ಮಾಡುತ್ತಿದ್ದ ಬೆಲ್ಲದ ತುಂಡಿಗೆ ಬಂದು, ಅಲ್ಲಿಂದ ಕೊಟ್ಟಿಗೆಗೆ ಬಂದ. ಎಷ್ಟೋ ಕಾಲದ ಮಾತು ಒಳಗೆ ಸೇರಿಕೊಂಡಿತ್ತು; ಒಂದೇ ಪ್ರಯಾಣದಲ್ಲಿ ಮುಗಿಯುವಂಥದ್ದಲ್ಲ. ಅವಳು ಮೇಲಿನ ಕಂಬಿ ಹಿಡಿದು, ಮಂಡಿಯ ಭಾರವನ್ನು ಇನ್ನೊಂದು ಕಾಲಿಗೆ ಹಾಕಿ, ಪ್ರತಿಯೊಂದಕ್ಕೂ ಹೂಂ ಎನ್ನುತ್ತ ನಿಂತಳು.

ತಿರುವಿನಲ್ಲಿ ಬಸ್ಸು ವಾಲಿತು. ಹೊರಗೆ ಕಣಿವೆ ಕತ್ತಲಲ್ಲಿ ಮುಳುಗಿತ್ತು. ಎಲ್ಲರೂ ಎಂದಿನಂತೆ ಒಂದು ಗಳಿಗೆ ಸುಮ್ಮನಾದರು, ಅವಳ ತಮ್ಮನೊಬ್ಬನನ್ನು ಬಿಟ್ಟು.